ಜರ್ಮನಿಯ ಕಡ್ಡಾಯ ಸೇನಾ ಸೇವೆ: ನಿಂತದ್ದು ಹೇಗೆ, ನಿಂತ ಮೇಲೆ ಏನಾಯಿತು

ಜರ್ಮನಿಯಲ್ಲಿ ಹದಿನೆಂಟು ತುಂಬಿದ ಗಂಡುಮಕ್ಕಳನ್ನು ಕಡ್ಡಾಯವಾಗಿ ಸೇನೆಗೆ ಕರೆಯುವ ಪದ್ಧತಿ 2011ರ ಜುಲೈ 1ರಂದು ನಿಂತಿತು. ಎರಡನೇ ಮಹಾಯುದ್ಧದ ನಂತರದ ಪಶ್ಚಿಮ ಜರ್ಮನಿಯಲ್ಲಿ ಇಂಥ ಯುವಕರ ಮೊದಲ ತಂಡ ಬ್ಯಾರಕ್ಕಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅಲ್ಲಿಂದ 54 ವರ್ಷಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಯುವಕರು ಸಮವಸ್ತ್ರ ತೊಟ್ಟು ಮನೆಗೆ ಮರಳಿದರು. ಇನ್ನೂ 25 ಲಕ್ಷಕ್ಕೂ ಹೆಚ್ಚು ಮಂದಿ ಬಂದೂಕು ಹಿಡಿಯಲು ಒಲ್ಲೆವೆಂದು ಬರೆದುಕೊಟ್ಟು, ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮ, ಆಂಬುಲೆನ್ಸ್‌ಗಳಲ್ಲಿ ದುಡಿದರು. ಈ ಎರಡನೆಯ ಗುಂಪನ್ನು ಬಿಟ್ಟರೆ ಜರ್ಮನಿಯ ಕಡ್ಡಾಯ ಸೇವೆಯ ಇತಿಹಾಸ ಅರ್ಥವಾಗುವುದಿಲ್ಲ. ಸೇವೆ ನಿಲ್ಲುತ್ತದೆ ಎಂಬ ಸುದ್ದಿ ಬಂದಾಗ ಹೆಚ್ಚು ಕಳವಳಪಟ್ಟದ್ದು ಸೇನಾಧಿಕಾರಿಗಳಲ್ಲ, ವೃದ್ಧಾಶ್ರಮ ನಡೆಸುವವರು.

ಪದ್ಧತಿಯ ಬೇರು ಪ್ರಷ್ಯಾದಲ್ಲಿದೆ. 1733ರಲ್ಲಿ ದೊರೆ ಒಂದನೇ ಫ್ರೆಡ್ರಿಕ್ ವಿಲ್ಹೆಲ್ಮ್ ನಾಡನ್ನು ವಿಭಾಗಗಳಾಗಿ ಹಂಚಿ, ಒಂದೊಂದು ವಿಭಾಗದಿಂದ ಒಂದೊಂದು ಪಡೆಗೆ ಆಳು ಒದಗಬೇಕೆಂದು ಕಟ್ಟು ಮಾಡಿದ. ಅದರ ಭಾರ ಬಿದ್ದದ್ದು ಹಳ್ಳಿಯ ರೈತರ ಮಕ್ಕಳ ಮೇಲೆ. ಶ್ರೀಮಂತರಿಗೂ ಅನೇಕ ಪಟ್ಟಣಿಗರಿಗೂ ವಿನಾಯಿತಿ ಇತ್ತು. 1806ರಲ್ಲಿ ಯೇನಾದ ಬಳಿ ನೆಪೋಲಿಯನ್ನನ ಕೈಯಲ್ಲಿ ಪ್ರಷ್ಯಾ ಸೋತ ಮೇಲೆ ಶಾರ್ನ್‌ಹೋರ್ಸ್ಟ್ ಮತ್ತು ಬೋಯೆನ್ ಮೊದಲಾದ ಸುಧಾರಕರು ಬೇರೆ ದಾರಿ ಹಿಡಿದರು. ಬೋಯೆನ್ ರೂಪಿಸಿದ 1814ರ ಸೆಪ್ಟೆಂಬರ್ 3ರ ಕಾಯಿದೆ, ಸೇನಾ ಸೇವೆ ಎಲ್ಲ ವರ್ಗದ ಗಂಡಸರ ಕರ್ತವ್ಯವೆಂದು ಸಾರಿತು. ಒಂದು ಶತಮಾನ ಕಾಲ ಅದೇ ನಡೆಯಿತು. 1919ರ ವರ್ಸೈಲ್ಸ್ ಒಪ್ಪಂದ ಅದನ್ನು ನಿಷೇಧಿಸಿ, ಜರ್ಮನಿಯ ಭೂಸೇನೆ ಒಂದು ಲಕ್ಷ ಮೀರಬಾರದೆಂದು ವಿಧಿಸಿತು. 1935ರ ಮಾರ್ಚ್ 16ರಂದು ಹಿಟ್ಲರ್ ಆ ನಿಷೇಧವನ್ನು ಮುರಿದು ಕಡ್ಡಾಯ ಸೇವೆಯನ್ನು ಮರಳಿ ತಂದ. ಅದು ಎಲ್ಲಿಗೆ ಮುಟ್ಟಿತು ಎಂಬುದನ್ನು ವಿವರಿಸಬೇಕಾಗಿಲ್ಲ. 1945ರಲ್ಲಿ ಸೇನೆಯೇ ಇಲ್ಲವಾಯಿತು.

ಯುದ್ಧಾನಂತರದ ಕಥೆಯಲ್ಲಿ ಮೊದಲು ಗಮನಿಸಬೇಕಾದದ್ದು ಘಟನೆಗಳ ಅನುಕ್ರಮ. 1949ರ ಮೇ 23ರಂದು ಜಾರಿಗೆ ಬಂದ ಪಶ್ಚಿಮ ಜರ್ಮನಿಯ ಸಂವಿಧಾನ ತನ್ನ 4ನೇ ವಿಧಿಯಲ್ಲಿ, ಯಾರನ್ನೂ ಅವರ ಆತ್ಮಸಾಕ್ಷಿಗೆ ವಿರುದ್ಧವಾಗಿ ಆಯುಧ ಹಿಡಿಯುವ ಸೇವೆಗೆ ಒತ್ತಾಯಿಸಬಾರದು ಎಂದು ಬರೆದುಕೊಂಡಿತು. ಆಗ ಆ ದೇಶಕ್ಕೆ ಸೇನೆ ಇರಲಿಲ್ಲ, ಕಡ್ಡಾಯ ಸೇವೆಯ ಕಾನೂನಂತೂ ಇರಲೇ ಇಲ್ಲ. ಒಲ್ಲೆನೆನ್ನುವ ಹಕ್ಕು ಮೊದಲು ಹುಟ್ಟಿತು, ಬಾ ಎನ್ನುವ ಆಜ್ಞೆ ಏಳು ವರ್ಷ ತಡವಾಗಿ ಬಂತು. 1949ರ ನವೆಂಬರಿನಲ್ಲಿ ಅಂಗೀಕಾರವಾದ ಭಾರತದ ಸಂವಿಧಾನವು 23ನೇ ವಿಧಿಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶ ಇಟ್ಟುಕೊಂಡರೂ, ಸ್ವತಂತ್ರ ಭಾರತದ ಸೇನೆ ಉದ್ದಕ್ಕೂ ಸ್ವಇಚ್ಛೆಯಿಂದ ಸೇರಿದವರದೇ ಆಗಿ ಉಳಿದಿದೆ. ಹೀಗಾಗಿ ಮನೆಯ ಹುಡುಗನಿಗೆ ಸರ್ಕಾರದಿಂದ ಕರೆಪತ್ರ ಬರುವ ಅನುಭವ ಕನ್ನಡ ಓದುಗರಿಗೆ ದೂರದ್ದು.

ಶೀತಲ ಸಮರ ಬಿಗಿಯಾದಂತೆ ಪಶ್ಚಿಮ ಜರ್ಮನಿ ಮತ್ತೆ ಸೇನೆ ಕಟ್ಟಬೇಕೆಂದು ಅಮೆರಿಕ ಮತ್ತು ಅದರ ಮಿತ್ರರು ಬಯಸಿದರು. ಜನ ಬಯಸಿರಲಿಲ್ಲ. ಕೈಕಾಲು ಕಳೆದುಕೊಂಡವರು, ಸೆರೆಶಿಬಿರಗಳಿಂದ ಮರಳಿದವರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬೀದಿಬೀದಿಯಲ್ಲಿದ್ದ ಕಾಲ ಅದು. 'ನನ್ನನ್ನು ಬಿಟ್ಟು ಮಾಡಿಕೊಳ್ಳಿ' ಎಂಬರ್ಥದ ಘೋಷಣೆಯೇ ಒಂದು ಚಳವಳಿಯ ಹೆಸರಾಯಿತು. ಆದರೂ 1955ರ ನವೆಂಬರ್ 12ರಂದು, ಶಾರ್ನ್‌ಹೋರ್ಸ್ಟ್ ಹುಟ್ಟಿ ಸರಿಯಾಗಿ 200 ವರ್ಷ ತುಂಬಿದ ದಿನ, ಹೊಸ ಸೇನೆಯ ಮೊದಲ 101 ಸ್ವಯಂಸೇವಕರು ನೇಮಕಪತ್ರ ಪಡೆದರು. ಆ ಸೇನೆಯ ಹೆಸರು ಬುಂಡೆಸ್‌ವೇರ್. ಮರುವರ್ಷ ಜುಲೈ 7ರಂದು ಸಂಸತ್ತು ದೀರ್ಘ ಚರ್ಚೆಯ ಬಳಿಕ ಕಡ್ಡಾಯ ಸೇವೆಯ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಪರವಾಗಿ 270, ವಿರುದ್ಧವಾಗಿ 166 ಮತಗಳು ಬಿದ್ದವು.

ಕಾಯಿದೆಯನ್ನು ಬೆಂಬಲಿಸಿದವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಮೊದಲ ಮಹಾಯುದ್ಧದ ನಂತರದ ಒಂದು ಲಕ್ಷ ವೃತ್ತಿಸೈನಿಕರ ಸೇನೆ ಗಣರಾಜ್ಯದ ಒಳಗೇ ಇನ್ನೊಂದು ರಾಜ್ಯದಂತೆ ಬೆಳೆದು ನಿಂತಿತ್ತು. ಪ್ರತಿ ಕೆಲವು ತಿಂಗಳಿಗೊಮ್ಮೆ ಬಡಗಿಯ ಮಗ, ವಕೀಲರ ಮಗ, ಕಾರ್ಖಾನೆಯ ಹುಡುಗ ಹೀಗೆ ಎಲ್ಲ ಬಗೆಯವರೂ ಬಂದುಹೋಗುವ ಸೇನೆ ಹಾಗಾಗಲಾರದು ಎಂದು ಅವರು ನಂಬಿದ್ದರು. ಮುಂದೆ ರಾಷ್ಟ್ರಪತಿಯಾದ ಥಿಯೊಡೋರ್ ಹಾಯ್ಸ್ ಸಂವಿಧಾನ ರಚನೆಯ ದಿನಗಳಲ್ಲಿಯೇ ಕಡ್ಡಾಯ ಸೇವೆಯನ್ನು ಪ್ರಜಾಪ್ರಭುತ್ವದ ನ್ಯಾಯವಾದ ಸಂತಾನ ಎಂದು ಕರೆದಿದ್ದರು. ಸೈನಿಕ ಎಂದರೆ ಸಮವಸ್ತ್ರ ತೊಟ್ಟ ನಾಗರಿಕ, ಸಮವಸ್ತ್ರ ತೊಟ್ಟಾಗಲೂ ಅವನ ಹಕ್ಕುಗಳು ಅಳಿಯವು ಎಂಬ ತತ್ವವನ್ನು ವುಲ್ಫ್ ಫಾನ್ ಬೌಡಿಸಿನ್ ಎಂಬ ಅಧಿಕಾರಿ ಹೊಸ ಸೇನೆಯ ತರಬೇತಿಯ ತಳಹದಿಯಾಗಿಸಿದರು.

1957ರ ಏಪ್ರಿಲ್ಲಿನ ಮೊದಲ ತಂಡದಲ್ಲಿದ್ದವರು ಸುಮಾರು 10,000 ಮಂದಿ, 1937ರ ಜುಲೈನಿಂದ ಸೆಪ್ಟೆಂಬರ್ ನಡುವೆ ಹುಟ್ಟಿದವರು. ಅವರಿಗಿಂತ ತುಸು ಮೊದಲು, 1929ರಿಂದ 1937ರ ಮಧ್ಯದವರೆಗೆ ಹುಟ್ಟಿದವರು ಹಿಟ್ಲರನ ಸೇನೆಗೆ ತೀರ ಚಿಕ್ಕವರು, ಹೊಸ ಸೇನೆಗೆ ವಯಸ್ಸು ಮೀರಿದವರು. ಅವರನ್ನು ಜರ್ಮನರು ಬಿಳಿ ಪೀಳಿಗೆ ಎಂದು ಕರೆಯುತ್ತಾರೆ. ಆರಂಭದಲ್ಲಿ 12 ತಿಂಗಳಿದ್ದ ಅವಧಿ ಬರ್ಲಿನ್ ಗೋಡೆ ಎದ್ದ ಮೇಲೆ 18 ತಿಂಗಳಾಯಿತು, 1973ರಲ್ಲಿ 15ಕ್ಕೆ ಇಳಿಯಿತು. ಪಶ್ಚಿಮ ಬರ್ಲಿನ್ ಮಾತ್ರ ಈ ಕಾಯಿದೆಯ ಹೊರಗಿತ್ತು. ಆ ನಗರ ಕಾನೂನಿನ ಪ್ರಕಾರ ಇನ್ನೂ ಯುದ್ಧ ಗೆದ್ದ ರಾಷ್ಟ್ರಗಳ ಕೈಯಲ್ಲಿದ್ದುದರಿಂದ ಅಲ್ಲಿನ ನಿವಾಸಿಗಳಿಗೆ ಕರೆಪತ್ರ ಕಳಿಸುವಂತಿರಲಿಲ್ಲ. ಕರೆ ಬರುವ ಮುನ್ನವೇ ಸಾವಿರಾರು ಹುಡುಗರು ಅಲ್ಲಿಗೆ ಮನೆ ಬದಲಿಸಿದರು. ಮುಂದೆ ಆ ನಗರ ವಿದ್ಯಾರ್ಥಿ ಚಳವಳಿಗೂ ಬಂಡಾಯದ ಬದುಕಿಗೂ ಹೆಸರಾದದ್ದರಲ್ಲಿ ಈ ವಲಸೆಯ ಪಾಲೂ ಇದೆ.

ಗೋಡೆಯ ಆಚೆ ಪೂರ್ವ ಜರ್ಮನಿ ತನ್ನ ಸೇನೆಯನ್ನು 1956ರಲ್ಲಿ ಕಟ್ಟಿತಾದರೂ ಕಡ್ಡಾಯ ಸೇವೆ ತಂದದ್ದು 1962ರ ಜನವರಿಯಲ್ಲಿ. ಕಾರಣ ಸರಳ: ಗಡಿ ತೆರೆದಿದ್ದಾಗ ಕರೆಪತ್ರ ಕೈಗೆ ಬಂದವನು ರೈಲು ಹತ್ತಿ ಪಶ್ಚಿಮಕ್ಕೆ ಹೋಗಿಬಿಡಬಹುದಿತ್ತು. 1961ರ ಆಗಸ್ಟ್ 13ರಂದು ಗಡಿ ಮುಚ್ಚಿದ ಮೇಲೆ ಆ ದಾರಿ ಉಳಿಯಲಿಲ್ಲ. ಅಲ್ಲಿ ಸೇವೆ 18 ತಿಂಗಳು. ಬಿಡುಗಡೆಗೆ 150 ದಿನ ಉಳಿದಾಗ ಸೈನಿಕರು ದರ್ಜಿಯ ಅಳತೆಪಟ್ಟಿ ತಂದು ದಿನಕ್ಕೊಂದು ಸೆಂಟಿಮೀಟರ್ ಕತ್ತರಿಸುತ್ತ ಹೋಗುವ ರೂಢಿ ಇತ್ತು. ಆ ಪಟ್ಟಿಯ ಚೂರುಗಳನ್ನು ಎಷ್ಟೋ ಮಂದಿ ಮುದುಕರಾಗುವವರೆಗೆ ಇಟ್ಟುಕೊಂಡಿದ್ದಾರೆ.

ಪೂರ್ವದಲ್ಲಿ ಸೇವೆ ನಿರಾಕರಿಸುವ ಹಕ್ಕು ಇರಲಿಲ್ಲ. ಚರ್ಚುಗಳ ಒತ್ತಾಯದಿಂದ 1964ರಲ್ಲಿ ಒಂದು ಸಣ್ಣ ಕಿಂಡಿ ತೆರೆಯಿತು. ಆಯುಧ ಮುಟ್ಟಲು ಒಲ್ಲದವರು ನಿರ್ಮಾಣ ಸೈನಿಕರಾಗಬಹುದಿತ್ತು. ಹೆಗಲಪಟ್ಟಿಯ ಮೇಲೆ ಗುದ್ದಲಿಯ ಚಿಹ್ನೆ, ಕೈಯಲ್ಲಿ ನಿಜವಾದ ಗುದ್ದಲಿ. ವಾರ್ಸಾ ಒಕ್ಕೂಟದ ಇನ್ಯಾವ ದೇಶದಲ್ಲೂ ಇಂಥ ಅವಕಾಶ ಇರಲಿಲ್ಲ. 1990ರವರೆಗೆ ಸುಮಾರು 15,000 ಮಂದಿ ಈ ದಾರಿ ಹಿಡಿದರು. ಅದಕ್ಕೆ ತೆತ್ತ ಬೆಲೆ ಚಿಕ್ಕದಲ್ಲ: ವಿಶ್ವವಿದ್ಯಾಲಯದ ಬಾಗಿಲು ಅನೇಕರಿಗೆ ಮುಚ್ಚಿತು. 1980ರ ದಶಕದಲ್ಲಿ ರ್‍ಯೂಗೆನ್ ದ್ವೀಪದ ಮುಕ್ರಾನ್ ಬಂದರನ್ನು ಕಟ್ಟಿದ ಕೈಗಳಲ್ಲಿ ಇವರವೂ ಇದ್ದವು. ಒಂದೇ ಮನಸ್ಸಿನ ಯುವಕರನ್ನು ಒಂದೇ ಕಡೆ ಕೂಡಿಹಾಕಿದ್ದರಿಂದ ಸರ್ಕಾರ ತನಗರಿವಿಲ್ಲದೆ ಒಂದು ವಿರೋಧಪಕ್ಷವನ್ನೇ ಪೋಷಿಸಿದಂತಾಯಿತು. ರೈನರ್ ಎಪೆಲ್‌ಮನ್ ಎಂಬುವರು 1960ರ ದಶಕದಲ್ಲಿ ನಿರ್ಮಾಣ ಸೈನಿಕರಾಗಿದ್ದಾಗ ಪ್ರತಿಜ್ಞೆ ಮಾಡಲು ಒಪ್ಪದೆ ಎಂಟು ತಿಂಗಳು ಜೈಲಿನಲ್ಲಿದ್ದವರು, ಆಮೇಲೆ ಪಾದ್ರಿಯಾದವರು. ಗೋಡೆ ಬಿದ್ದ ಬಳಿಕ 1990ರ ಏಪ್ರಿಲ್ಲಿನಲ್ಲಿ ಅವರೇ ಪೂರ್ವ ಜರ್ಮನಿಯ ನಿಶ್ಶಸ್ತ್ರೀಕರಣ ಮತ್ತು ರಕ್ಷಣಾ ಸಚಿವರಾಗಿ, ಆ ಸೇನೆ ವಿಸರ್ಜನೆಯಾಗುವವರೆಗೆ ಅದರ ಹೊಣೆ ಹೊತ್ತರು.

ಪಶ್ಚಿಮದಲ್ಲಿ ಹಕ್ಕು ಸಂವಿಧಾನದಲ್ಲೇ ಇತ್ತು, ಆದರೆ ಅದನ್ನು ಪಡೆಯುವುದು ಸುಲಭವಾಗಿರಲಿಲ್ಲ. ನಿರಾಕರಿಸುವವನು ಸೇನಾ ನೇಮಕಾತಿ ಕಚೇರಿಯ ಸಮಿತಿಯೊಂದರ ಮುಂದೆ ಕುಳಿತು ತನ್ನ ಆತ್ಮಸಾಕ್ಷಿ ನಿಜವೆಂದು ರುಜುವಾತು ಮಾಡಬೇಕಿತ್ತು. ಅಲ್ಲಿ ಕೇಳುತ್ತಿದ್ದ ಒಂದು ಪ್ರಶ್ನೆ ದೇಶಕ್ಕೆಲ್ಲ ಗೊತ್ತಿತ್ತು: ನೀನು ಗೆಳತಿಯೊಡನೆ ಕಾಡಿನಲ್ಲಿ ನಡೆದುಹೋಗುತ್ತಿದ್ದೀಯ, ದುಷ್ಟರು ಅವಳ ಮೇಲೆ ಬೀಳುತ್ತಾರೆ, ನಿನ್ನ ಕೈಯಲ್ಲಿ ಪಿಸ್ತೂಲು ಇದೆ, ಏನು ಮಾಡುತ್ತೀಯ? ಗುಂಡು ಹಾರಿಸುತ್ತೇನೆ ಎಂದರೆ ಸೇನೆಗೆ ಯೋಗ್ಯ, ಹಾರಿಸುವುದಿಲ್ಲ ಎಂದರೆ ನಂಬಲು ಯೋಗ್ಯನಲ್ಲ. ಮಾತು ಬಲ್ಲ, ಓದಿದ ಮನೆಯ ಹುಡುಗರು ಸಿದ್ಧವಾಗಿ ಹೋಗಿ ಪಾರಾದರು. ಮಾತು ಬಾರದ ಕೂಲಿಕಾರರ ಮಕ್ಕಳು ತಮ್ಮ ಮನಸ್ಸನ್ನು ವಿವರಿಸಲಾಗದೆ ಸೋತರು. ಒಳಮನಸ್ಸನ್ನು ತೂಗಿ ಅಂಕ ಕೊಡುವ ಈ ವಿಚಾರಣೆ ಆ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ.

1977ರಲ್ಲಿ ಸರ್ಕಾರ ವಿಚಾರಣೆಯನ್ನು ಕೈಬಿಟ್ಟು, ಒಂದು ಕಾಗದ ಬರೆದರೆ ಸಾಕೆಂದಿತು. ಅಂಚೆಕಾರ್ಡಿನ ಮೇಲೆ ನಿರಾಕರಣೆ ಎಂದು ಪತ್ರಿಕೆಗಳು ಅದನ್ನು ಕರೆದವು. ಮರುವರ್ಷ ಏಪ್ರಿಲ್ 13ರಂದು ಸಂವಿಧಾನ ನ್ಯಾಯಾಲಯ ಆ ಕಾಯಿದೆಯನ್ನು ರದ್ದುಪಡಿಸಿತು. 1984ರಿಂದ ಒಂದು ಒಪ್ಪಂದದ ದಾರಿ ಸಿಕ್ಕಿತು: ಹೆಚ್ಚಿನವರಿಗೆ ಮೌಖಿಕ ವಿಚಾರಣೆ ಬೇಡ, ಬರಹದ ವಿವರಣೆ ಸಾಕು, ಆದರೆ ಬದಲಿ ಸೇವೆ ಸೇನಾ ಸೇವೆಗಿಂತ ಮೂರನೇ ಒಂದು ಪಾಲು ದೀರ್ಘ. ಸೈನಿಕನಿಗೆ 15 ತಿಂಗಳು, ನಿರಾಕರಿಸಿದವನಿಗೆ 20. ಆ ಹೆಚ್ಚುವರಿ ಐದು ತಿಂಗಳೇ ಆತ್ಮಸಾಕ್ಷಿಗೆ ಪುರಾವೆ ಎಂಬ ಲೆಕ್ಕ. ಎರಡೂ ಸಮನಾದದ್ದು 2004ರಲ್ಲಿ.

ಬದಲಿ ಸೇವೆಯ ಮೊದಲ 340 ಯುವಕರು 1961ರ ಏಪ್ರಿಲ್ಲಿನಲ್ಲಿ ಕೆಲಸಕ್ಕೆ ಬಂದರು. 1973ರಲ್ಲಿ ಅದಕ್ಕೆ ತ್ಸಿವಿಲ್‌ಡೀನ್ಸ್ಟ್, ಅಂದರೆ ನಾಗರಿಕ ಸೇವೆ ಎಂಬ ಹೆಸರು ಬಂತು, ಹುಡುಗರು ತ್ಸಿವಿಗಳಾದರು. ಆರಂಭದಲ್ಲಿ ಅವರನ್ನು ಹೇಡಿಗಳೆಂದು ಜರಿದವರು ಬಹಳ. ಅವರ ದಿನಚರಿ ನೋಡಿದರೆ ಆ ಬೈಗುಳ ನಾಚುವಂತಿತ್ತು. ಬೆಳಗ್ಗೆ ಹಾಸಿಗೆ ಹಿಡಿದ ಮುದುಕರನ್ನು ಎಬ್ಬಿಸಿ ಮೈ ಒರೆಸುವುದು, ಮಲಮೂತ್ರ ಬಳಿಯುವುದು, ಒಂಟಿಯಾಗಿರುವ ವೃದ್ಧರ ಮನೆಮನೆಗೆ ಬಿಸಿ ಊಟ ಮುಟ್ಟಿಸುವುದು, ಅಂಗವಿಕಲ ಮಕ್ಕಳನ್ನು ಶಾಲೆಗೆ ಕರೆದೊಯ್ಯುವುದು, ಗಾಲಿಕುರ್ಚಿ ತಳ್ಳುವುದು, ಆಂಬುಲೆನ್ಸ್‌ನಲ್ಲಿ ರಾತ್ರಿಪಾಳಿ. ಹತ್ತೊಂಬತ್ತರ ಹುಡುಗನೊಬ್ಬ ತನ್ನ ಅಜ್ಜನಿಗೂ ಮಾಡಿರದ ಕೆಲಸವನ್ನು ಅಪರಿಚಿತರಿಗೆ ಮಾಡುತ್ತಿದ್ದ. ಹೆಂಗಸರ ಪಾಲಿನದೆಂದು ಆ ಸಮಾಜ ಭಾವಿಸಿದ್ದ ಆರೈಕೆಯ ಕೆಲಸಕ್ಕೆ ಲಕ್ಷಾಂತರ ಗಂಡಸರು ಕೈ ಹಚ್ಚಿದ್ದು ಹೀಗೆ. ಇಷ್ಟು ದೊಡ್ಡ ಬದಲಾವಣೆಯನ್ನು ಯಾರೂ ಯೋಜಿಸಿರಲಿಲ್ಲ ಎಂಬುದು ಅದರ ಮಹತ್ವವನ್ನು ಹೆಚ್ಚಿಸುತ್ತದೆ.

ನಿರಾಕರಣೆ ಮೊದಮೊದಲು ವಿರಳವಾಗಿತ್ತು. ವಿಯೆಟ್ನಾಂ ಯುದ್ಧದ ಕಾವಿನಲ್ಲಿ, 1968ರಲ್ಲಿ, ಅರ್ಜಿಗಳು ಸುಮಾರು 12,000ಕ್ಕೆ ಏರಿದವು. ಕೊಲ್ಲಿ ಯುದ್ಧ ನಡೆದ 1991ರಲ್ಲಿ ಒಂದೂವರೆ ಲಕ್ಷ ದಾಟಿದವು. 1990ರ ದಶಕದ ಕೊನೆಯ ಹೊತ್ತಿಗೆ ಕಡ್ಡಾಯ ಸೈನಿಕರಿಗಿಂತ ತ್ಸಿವಿಗಳೇ ಹೆಚ್ಚಾಗಿದ್ದರು. ಕಾರಿಟಾಸ್, ಡಿಯಾಕೊನೀ, ರೆಡ್ ಕ್ರಾಸ್ ಮೊದಲಾದ ಸಂಸ್ಥೆಗಳ ಕೆಲಸ ಇವರ ಮೇಲೆ ಎಷ್ಟು ನಿಂತಿತೆಂದರೆ, ಸೇನೆಯ ಸೇವಾವಧಿ ತುಸು ಕಡಿಮೆಯಾದರೂ ವೃದ್ಧಾಶ್ರಮದ ಪಾಳಿಪಟ್ಟಿ ಏರುಪೇರಾಗುತ್ತಿತ್ತು. ಅಪವಾದವಾಗಿ ಹುಟ್ಟಿದ ಸೇವೆ ನಿಯಮಕ್ಕೇ ಊರುಗೋಲಾಯಿತು. ಕಡ್ಡಾಯ ಸೇನಾ ಸೇವೆ ಉಳಿಯಬೇಕು, ಇಲ್ಲವಾದರೆ ಮುದುಕರನ್ನು ನೋಡಿಕೊಳ್ಳುವವರು ಯಾರು ಎಂಬ ವಾದ ರಾಜಕೀಯದಲ್ಲಿ ಗಂಭೀರವಾಗಿ ಕೇಳಿಬಂತು.

ಅಷ್ಟರಲ್ಲಿ ಸೇನೆಗೆ ಯುವಕರ ಅಗತ್ಯವೇ ಕುಗ್ಗಿತ್ತು. ಎರಡೂ ಜರ್ಮನಿಗಳು ಒಂದಾಗಲು ಮಾಡಿಕೊಂಡ 1990ರ ಒಪ್ಪಂದ ಸೇನೆಯ ಗಾತ್ರಕ್ಕೆ 3,70,000ರ ಮಿತಿ ಹಾಕಿತು. ಬರಬರುತ್ತ ಸಂಖ್ಯೆ ಇನ್ನೂ ಇಳಿಯಿತು. ಪೂರ್ವದ ಗಡಿಯಲ್ಲಿ ಟ್ಯಾಂಕುಗಳು ಎದುರಾಗುವ ಭಯ ಹೋಗಿ, ಕೊಸೊವೊ, ಅಫ್ಘಾನಿಸ್ತಾನಗಳಂಥ ದೂರದ ಕೆಲಸಗಳು ಬಂದವು. ಕಡ್ಡಾಯವಾಗಿ ಬಂದವರನ್ನು ಅವರ ಒಪ್ಪಿಗೆಯಿಲ್ಲದೆ ಅಲ್ಲಿಗೆ ಕಳಿಸುವಂತಿರಲಿಲ್ಲ. ಅವಧಿ 1990ರಲ್ಲಿ 12, 1996ರಲ್ಲಿ 10, 2002ರಲ್ಲಿ 9 ತಿಂಗಳಾಯಿತು. ಮೂರು ತಿಂಗಳು ಮೂಲ ತರಬೇತಿಗೆ ಹೋದರೆ ಉಳಿದ ಕಾಲದಲ್ಲಿ ಅವರಿಗೆ ಕೊಡಲು ಕೆಲಸವೇ ಇಲ್ಲವೆಂದು ಅಧಿಕಾರಿಗಳು ಗೊಣಗಿದರು.

ಇಲ್ಲಿ ಸಮಾನತೆಯ ಪ್ರಶ್ನೆ ತಲೆಯೆತ್ತಿತು. ಎಲ್ಲರನ್ನೂ ಕರೆಯಲು ಜಾಗವಿಲ್ಲದಾಗ ಸರ್ಕಾರ ವಿನಾಯಿತಿಗಳನ್ನು ಹಿಗ್ಗಿಸಿತು: ಮದುವೆಯಾದವರು ಬೇಡ, ಮಗುವಿರುವವರು ಬೇಡ, ಇಬ್ಬರು ಅಣ್ಣಂದಿರು ಹೋಗಿಬಂದಿದ್ದರೆ ಮೂರನೆಯವನು ಬೇಡ, ವೈದ್ಯಕೀಯ ತಪಾಸಣೆಯಲ್ಲಿ ಮೂರನೇ ದರ್ಜೆ ಸಿಕ್ಕಿದವರು ಬೇಡ. ಕೊನೆಯ ವರ್ಷಗಳಲ್ಲಿ ಒಂದು ವಯಸ್ಸಿನ ಐವರು ಹುಡುಗರಲ್ಲಿ ಒಬ್ಬನೂ ಪೂರ್ತಿಯಾಗಿ ಸೇನೆಗೆ ಹೋಗುತ್ತಿರಲಿಲ್ಲ. ಒಂದೇ ತರಗತಿಯಲ್ಲಿ ಕುಳಿತ ಗೆಳೆಯರಲ್ಲಿ ಒಬ್ಬ ಕೆಸರಿನಲ್ಲಿ ತೆವಳುತ್ತಿದ್ದ, ಒಬ್ಬ ವೃದ್ಧಾಶ್ರಮದಲ್ಲಿದ್ದ, ಮಿಕ್ಕವರು ನೇರವಾಗಿ ಕಾಲೇಜು ಸೇರಿ ಒಂದು ವರ್ಷ ಮುಂದಿದ್ದರು. 2004ರಲ್ಲಿ ಕಲೋನ್‌ನ ಆಡಳಿತ ನ್ಯಾಯಾಲಯ ಇದು ಸಮಾನ ಹೊರೆಯಲ್ಲವೆಂದು ಒಬ್ಬ ಯುವಕನ ಪರ ನಿಂತಿತು. ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ತೀರ್ಪು ಸರ್ಕಾರದ ಪರ ಬಂದರೂ, ಎಲ್ಲರ ಕರ್ತವ್ಯ ಎಂದು ಎರಡು ಶತಮಾನ ಹೇಳಿಕೊಂಡು ಬಂದದ್ದು ಕೆಲವರ ದುರದೃಷ್ಟವಾಗಿ ಉಳಿದಿತ್ತು.

ಕೊನೆಯ ನೂಕು ಕೊಟ್ಟದ್ದು ಹಣ. ಜಾಗತಿಕ ಆರ್ಥಿಕ ಬಿಕ್ಕಟ್ಟಿನ ನಂತರ 2010ರ ಜೂನಿನಲ್ಲಿ ಆಂಗೆಲಾ ಮೆರ್ಕೆಲ್ ಸರ್ಕಾರ ಎಲ್ಲ ಇಲಾಖೆಗಳ ವೆಚ್ಚಕ್ಕೆ ಕತ್ತರಿ ಹಾಕಿತು. ರಕ್ಷಣಾ ಸಚಿವ ಕಾರ್ಲ್ ಥಿಯೊಡೋರ್ ತ್ಸು ಗುಟೆನ್‌ಬೆರ್ಗ್, ಕಡ್ಡಾಯ ಸೇವೆಯನ್ನು ನಂಬಿಕೆಯಂತೆ ಕಾಪಾಡಿಕೊಂಡು ಬಂದಿದ್ದ ಬವೇರಿಯದ ಪಕ್ಷದವರು. ಸ್ವತಃ ಪರ್ವತಪಡೆಯಲ್ಲಿ ಸೇವೆ ಮಾಡಿದ್ದವರು. ಅವರೇ ಅದನ್ನು ನಿಲ್ಲಿಸುವ ಪ್ರಸ್ತಾಪ ಮುಂದಿಟ್ಟರು. ಸೇವೆ ಆಗತಾನೆ ಆರು ತಿಂಗಳಿಗೆ ಇಳಿದಿತ್ತು; ಇನ್ನಷ್ಟು ಇಳಿಸಲು ಜಾಗವಿರಲಿಲ್ಲ. ಆ ಶರತ್ಕಾಲದಲ್ಲಿ ಅವರ ಪಕ್ಷವೂ ಮೆರ್ಕೆಲ್ ಪಕ್ಷವೂ ತಮ್ಮ ಸಮಾವೇಶಗಳಲ್ಲಿ ಒಪ್ಪಿದವು. ದಶಕಗಳ ಶಾಂತಿ ಮೆರವಣಿಗೆಗಳಿಂದ ಆಗದ ಕೆಲಸ ಬಜೆಟ್ ಸಭೆಯಿಂದ ಶುರುವಾಗಿ ಒಂದೇ ವರ್ಷದಲ್ಲಿ ಮುಗಿಯಿತು. ಕಡ್ಡಾಯವಾಗಿ ಕರೆಸಿಕೊಂಡ ಕೊನೆಯ ತಂಡ, ಸುಮಾರು 12,000 ಯುವಕರು, 2011ರ ಜನವರಿ 3ರಂದು ಬ್ಯಾರಕ್ಕು ಸೇರಿತು. ಮಾರ್ಚ್ 24ರಂದು ಸಂಸತ್ತು ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಗುಟೆನ್‌ಬೆರ್ಗ್ ತಮ್ಮ ಪಿಎಚ್‌.ಡಿ. ಪ್ರಬಂಧದ ಕೃತಿಚೌರ್ಯದ ಪ್ರಕರಣದಲ್ಲಿ ರಾಜೀನಾಮೆ ನೀಡಿದ್ದರು.

ಕಾಯಿದೆ ಕಡ್ಡಾಯ ಸೇವೆಯನ್ನು ಅಳಿಸಿಹಾಕಲಿಲ್ಲ, ತಡೆಹಿಡಿಯಿತು. ಗಂಡಸರನ್ನು ಕರೆಯಲು ಅಧಿಕಾರ ಕೊಡುವ ಸಂವಿಧಾನದ 12ಎ ವಿಧಿ ಹಾಗೆಯೇ ಉಳಿಯಿತು. ಯುದ್ಧ ಅಥವಾ ಅದಕ್ಕೆ ಸಮೀಪದ ಬಿಕ್ಕಟ್ಟನ್ನು ಸಂಸತ್ತು ಘೋಷಿಸಿದರೆ ಹಳೆಯ ನಿಯಮಗಳು ಜೀವ ತಳೆಯುತ್ತವೆ. ಆದರೆ ಹುಡುಗರ ವಿಳಾಸ, ತೂಕ, ಎತ್ತರಗಳ ಕಡತ ಇಟ್ಟುಕೊಂಡಿದ್ದ ಜಿಲ್ಲಾ ನೇಮಕಾತಿ ಕಚೇರಿಗಳನ್ನು ಮರುವರ್ಷ ಮುಚ್ಚಲಾಯಿತು. ಕಾನೂನು ಉಳಿದು, ಅದನ್ನು ನಡೆಸುವ ಕೈಗಳು ಇಲ್ಲವಾದವು.

ಮನೆಗಳಲ್ಲಿ ಆದ ಬದಲಾವಣೆ ಸದ್ದಿಲ್ಲದ್ದು. ಶಾಲೆ ಮುಗಿಸಿದ ಹುಡುಗರು ಒಮ್ಮೆಗೇ ವಿಶ್ವವಿದ್ಯಾಲಯಗಳಿಗೆ ನುಗ್ಗಿದರು. ಬವೇರಿಯ ಮತ್ತು ಲೋವರ್ ಸ್ಯಾಕ್ಸನಿಗಳಲ್ಲಿ ಶಾಲಾ ಅವಧಿ ಒಂದು ವರ್ಷ ಕಡಿಮೆಯಾಗಿ, ಅದೇ 2011ರಲ್ಲಿ ಎರಡು ತಂಡ ಒಟ್ಟಿಗೆ ಹೊರಬಂದದ್ದರಿಂದ ಕೋಣೆ ಸಿಗದೆ ಪರದಾಡಿದವರು ಅನೇಕರು. ಆರೈಕೆಯ ಕ್ಷೇತ್ರಕ್ಕೆ ಸರ್ಕಾರ ಅದೇ ಜುಲೈ 1ರಿಂದ ಹೊಸ ಸ್ವಯಂಸೇವೆಯೊಂದನ್ನು ತೆರೆಯಿತು. 35,000 ಜಾಗಗಳು, ಹೆಂಗಸರಿಗೂ ಗಂಡಸರಿಗೂ, ವಯಸ್ಸಿನ ಮೇಲ್ಮಿತಿಯಿಲ್ಲದೆ. ಯಾರೂ ಬರಲಾರರೆಂದು ಹೆದರಿದ್ದವರ ಎಣಿಕೆ ತಪ್ಪಾಯಿತು, ಜಾಗಗಳು ಬೇಗ ತುಂಬಿದವು. ಆದರೆ 2009ರಲ್ಲಿ ಕೆಲಸದಲ್ಲಿದ್ದ ತ್ಸಿವಿಗಳು ಸುಮಾರು 90,000. ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ಹೋದದ್ದು, ಪಟ್ಟಿಯಲ್ಲಿ ಬರೆಯಲಾಗದ ಕೆಲಸ: ವೃದ್ಧೆಯೊಬ್ಬಳ ಪಕ್ಕ ಕುಳಿತು ಪತ್ರಿಕೆ ಓದಿ ಹೇಳುವುದು, ಗಾಲಿಕುರ್ಚಿಯಲ್ಲಿ ಸಂಜೆ ಒಂದು ಸುತ್ತು ಹೊರಗೆ ಕರೆದೊಯ್ಯುವುದು. ಸಂಬಳದ ನರ್ಸುಗಳಿಗೆ ಇದಕ್ಕೆ ಬಿಡುವಿರಲಿಲ್ಲ. ಬಲವಂತವಾಗಿ ಆ ಕೆಲಸಕ್ಕೆ ಬಂದು, ಅದನ್ನೇ ಬದುಕಾಗಿಸಿಕೊಂಡ ಹುಡುಗರ ಪರಂಪರೆಯೂ ಅಲ್ಲಿಗೆ ಕಡಿಯಿತು.

ಸೇನೆಯ ಲೆಕ್ಕಾಚಾರವೂ ಕೂಡಿಬರಲಿಲ್ಲ. ಸ್ವಇಚ್ಛೆಯಿಂದ ಬರುವವರು ಸಾಲದೆ ಒಟ್ಟು ಸಂಖ್ಯೆ 1,80,000ದ ಆಸುಪಾಸಿನಲ್ಲೇ ನಿಂತಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಹಳೆಯ ಚರ್ಚೆ ಮರಳಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆಯ ಪ್ರಕಾರ 2008ರಲ್ಲಿ ಮತ್ತು ಆ ನಂತರ ಹುಟ್ಟಿದ ಗಂಡುಮಕ್ಕಳು ಹದಿನೆಂಟಾದಾಗ ತಮ್ಮ ಆರೋಗ್ಯ ಮತ್ತು ಆಸಕ್ತಿಯ ಬಗ್ಗೆ ಪ್ರಶ್ನಾವಳಿ ತುಂಬಿ ಕಳಿಸಬೇಕು. ಸೇರುವುದು ಬಿಡುವುದು ಸದ್ಯಕ್ಕೆ ಅವರ ಇಚ್ಛೆ. ಈ ಪ್ರಶ್ನಾವಳಿ ಮೊದಲು ಕೈಸೇರುವ ಹುಡುಗರು 2011ರ ಜುಲೈ 1ರಂದು ಮೂರು ವರ್ಷದ ಆಸುಪಾಸಿನ ಮಕ್ಕಳು. ಆತ್ಮಸಾಕ್ಷಿಯ ಮಾತು ಹೇಳುವ 4ನೇ ವಿಧಿ 1949ರಲ್ಲಿ ಬರೆದಂತೆಯೇ ಇದೆ. ಉಕ್ರೇನ್ ಯುದ್ಧ ಶುರುವಾದಾಗಿನಿಂದ ಅದರಡಿ ಸಲ್ಲುವ ನಿರಾಕರಣೆಯ ಅರ್ಜಿಗಳೂ ಮತ್ತೆ ಏರುತ್ತಿವೆ.